ಗಾಳಿ ಎದ್ದ ಕಡಲು ಮಂಜುಗಡ್ಡೆಯಂತೆ ಕಂಡಾಗ

ಯುರೋಪಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಗಳಿಂದ, ನಾರ್ವೆಯ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದ ಮಂಜುಗಡ್ಡೆಯ ಅಂಚು ಗುರುತಿಸುತ್ತಿದ್ದೆ. ಒಂದು ಚಿತ್ರದಲ್ಲಿ ಮಾತ್ರ ತೆರೆದ ನೀರೆಲ್ಲ ಮಂಜುಗಡ್ಡೆ ಎಂದೇ ಬರುತ್ತಿತ್ತು.

ಕಾರಣ ಗಾಳಿ. ಈ ರೇಡಾರ್‌ನ ಅಲೆಯುದ್ದ ಸುಮಾರು 5.5 ಸೆಂಟಿಮೀಟರ್. ಗಾಳಿ ಎಬ್ಬಿಸುವ ಪುಟ್ಟ ಅಲೆಗಳೂ ಹೆಚ್ಚುಕಡಿಮೆ ಅಷ್ಟೇ ಅಳತೆಯವು. ಹಾಗಾಗಿ ಎಚ್‌ಎಚ್ ಚಿತ್ರದಲ್ಲಿ, ಅಂದರೆ ಅಡ್ಡಡ್ಡ ಕಂಪಿಸುತ್ತ ಹೋಗಿ ಹಾಗೇ ಮರಳಿದ ಅಲೆಯ ಚಿತ್ರದಲ್ಲಿ, ಒರಟು ನೀರು ಮಂಜುಗಡ್ಡೆಯಷ್ಟೇ ಬೆಳ್ಳಗೆ ಹೊಳೆಯುತ್ತದೆ. ಸುಮ್ನೆ ಹೊಳಪು ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ.

ಅದಕ್ಕೇ ಎಚ್‌ವಿ ಚಿತ್ರ ತೆಗೆದೆ. ಅಡ್ಡಡ್ಡ ಕಂಪಿಸುತ್ತ ಹೋದ ಅಲೆಯಲ್ಲಿ ಮೇಲೆ-ಕೆಳಗೆ ಕಂಪಿಸುತ್ತ ಮರಳಿದ ಪಾಲು ಇದು. ನೀರಿನಿಂದ ತೀರಾ ಕಮ್ಮಿ ಬರುತ್ತದೆ. ಒಡೆದು ಒಂದರ ಮೇಲೊಂದು ಏರಿದ ಮಂಜುಗಡ್ಡೆಯಿಂದ ಜಾಸ್ತಿ. ತೊಡಕೆಂದರೆ, ಇಷ್ಟು ಕ್ಷೀಣ ಸಂಕೇತದಲ್ಲಿ ಉಪಕರಣದ ಸ್ವಂತ ಗದ್ದಲವೇ, ಅಂದರೆ ಅದರೊಳಗೇ ಹುಟ್ಟುವ ಬೇಡದ ಸಂಕೇತವೇ, ಎದ್ದು ಕಾಣುತ್ತದೆ. 400 ಕಿ.ಮೀ. ಅಗಲದ ಚಿತ್ರವನ್ನು ಐದು ಪಟ್ಟಿ ಸೇರಿಸಿ ಮಾಡುತ್ತಾರಲ್ವಾ, ಆ ಹೊಲಿಗೆಗಳೆಲ್ಲ ಗೆರೆಗಳಾಗಿ ಮೂಡಿದ್ದವು. ಚಿತ್ರದ ಜೊತೆಗೇ ಬರುವ ಗದ್ದಲದ ಕೋಷ್ಟಕದ ಅಂಕಿಗಳನ್ನು ಚಿತ್ರದಿಂದ ಕಳೆದೆ. ಗೆರೆಗಳು ಬಹುಪಾಲು ಹೋದವು. ಆಮೇಲೆ ಎಚ್‌ಎಚ್, ಎಚ್‌ವಿ ಮತ್ತು ರೇಡಾರ್ ನೋಡುವ ಕೋನ, ಮೂರನ್ನೂ ಒಟ್ಟಿಗೆ ಲೆಕ್ಕಕ್ಕೆ ತಗೊಂಡಾಗ ಅಂಚು ಸರಿಯಾದ ಜಾಗಕ್ಕೆ ಬಂತು.

ಹೊಸದಾಗಿ ಕಟ್ಟಿದ ತೆಳು ಮಂಜುಗಡ್ಡೆ ಮಾತ್ರ ಎಚ್‌ವಿಯಲ್ಲೂ ಕಪ್ಪಗೇ ಇರುತ್ತದೆ. ಅಂಥ ಕಡೆ ಜಪಾನಿನ ಉಪಗ್ರಹದಲ್ಲಿರುವ ಎಎಂಎಸ್‌ಆರ್-2 ಉಪಕರಣದ ಮೈಕ್ರೋವೇವ್ ಮಾಹಿತಿಯನ್ನೂ ಜೊತೆಗಿಟ್ಟು ನೋಡುತ್ತೇನೆ.