ಜಿಪಿಎಸ್ ಬಡಿತಕ್ಕೆ ನಿಮ್ಮ ರಾಸ್ಪ್‌ಬೆರಿ ಪೈ ಗಡಿಯಾರ ಹೊಂದಿಸುವುದು ಹೇಗೆ

ಹಾಸನದವರಿಗೆ ಸಾಲಗಾಮೆ ರಸ್ತೆಯ ಎಂಸಿಎಫ್ (ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ) ಹೊಸದೇನಲ್ಲ, ಅಲ್ವಾ? ಅಲ್ಲಿಂದ ನೋಡಿಕೊಳ್ಳುವ ನಾವಿಕ್ (ಜಿಪಿಎಸ್ ಥರ ದಾರಿ ತೋರಿಸುವ ನಮ್ಮ ದೇಶದ ವ್ಯವಸ್ಥೆ) ಉಪಗ್ರಹಗಳ ಜೀವ ಇರುವುದೇ ಗಡಿಯಾರದಲ್ಲಿ. ಐಆರ್‌ಎನ್‌ಎಸ್‌ಎಸ್-1ಎ ಎಂಬ ನಾವಿಕ್ ಉಪಗ್ರಹದ ಒಳಗಿನ ಮೂರೂ ರುಬಿಡಿಯಂ ಪರಮಾಣು ಗಡಿಯಾರಗಳು ಕೈಕೊಟ್ಟ ಮೇಲೆ ಅದರಿಂದ ದಾರಿ ಹುಡುಕುವ ಹಾಗಿರಲಿಲ್ಲ. ಬೆಳಕು ಒಂದು ಮೈಕ್ರೊಸೆಕೆಂಡಿಗೆ 300 ಮೀಟರ್ ಓಡುತ್ತದೆ, ಟೈಮ್ ಅಷ್ಟು ತಪ್ಪಿದರೆ ದೂರದ ಲೆಕ್ಕವೂ ಅಷ್ಟೇ ತಪ್ಪುತ್ತದೆ.

ಇಂಥ ಟೈಮನ್ನು ಮನೆಯ ರಾಸ್ಪ್‌ಬೆರಿ ಪೈಗೆ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಇಳಿಸಿಕೊಳ್ಳಲು ನಿಯೊ-6ಎಂ ಎಂಬ ಜಿಪಿಎಸ್ ರಿಸೀವರ್ ಮಾಡ್ಯೂಲ್ ಸಾಕು. ನಾವಿಕ್ ಬರಲ್ಲ, ಜಿಪಿಎಸ್ ಮಾತ್ರ. ಕೊಳ್ಳುವಾಗ ಪಿಪಿಎಸ್ (ಸೆಕೆಂಡಿಗೊಂದು ಬಡಿತ ಕೊಡುವ) ಪಿನ್ ಇದೆಯಾ ನೋಡಿ, ಅಗ್ಗದ ಬೋರ್ಡುಗಳಲ್ಲಿ ನಾಲ್ಕೇ ಪಿನ್ ಇರುತ್ತವೆ. ನಾನು ನೋಡದೆ ತಂದು, ಕೊನೆಗೆ ಆ ಬಡಿತಕ್ಕೆ ಮಿಣುಕುವ ಎಲ್‌ಇಡಿಯ ಕಾಲಿಗೇ ವೈರ್ ಬೆಸುಗೆ ಹಾಕಬೇಕಾಯಿತು.

ಆಂಟೆನಾಗೆ ಆಕಾಶ ಕಾಣಬೇಕು. ಸಕಲೇಶಪುರದ ನಮ್ಮ ತೋಟದ ಮನೆಯಲ್ಲಿ ಮೊದಲು ಸಿಲ್ವರ್ ಓಕ್ ಕೆಳಗಿನ ಕಿಟಕಿಯಲ್ಲಿಟ್ಟಿದ್ದೆ, ಮಳೆಗೆ ಎಲೆ ನೆಂದರೆ ಸಾಕು, ಸಿಗ್ನಲ್ ಬಿದ್ದುಹೋಗುತ್ತಿತ್ತು. ಈಗ ಕಾಫಿ ಒಣಗಿಸುವ ಕಣದ ಪಕ್ಕ ಕಂಬದ ಮೇಲಿದೆ. ಕೇಬಲ್ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್ ತಡ ಮಾಡುತ್ತದೆ, ಮನೆ ಕೆಲಸಕ್ಕೆ ಅದನ್ನು ಮರೆತುಬಿಡಿ.

ಪಿಪಿಎಸ್ ವೈರನ್ನು ಪೈನ ಜಿಪಿಐಒ 18ಕ್ಕೆ (ಹೊರಗಿನ ವೈರ್ ಜೋಡಿಸುವ ಪಿನ್ನುಗಳಲ್ಲಿ ಒಂದರ ಹೆಸರು) ಕೊಡಿ. ಎಣಿಸಿದರೆ ಅದು 12ನೇ ಪಿನ್, 18ನೇ ಪಿನ್ನಿಗೆ ಚುಚ್ಚಿ ಅರ್ಧ ದಿನ ತಲೆ ಕೆರೆದುಕೊಂಡವನು ನಾನೇ. ಮಾಡ್ಯೂಲಿನ ಅಕ್ಷರಗಳು ಬರುವ ಸೀರಿಯಲ್ ದಾರಿಯನ್ನು ಪೈ ತನ್ನ ಸಂದೇಶಗಳಿಗೆ ಬಳಸದಂತೆ ಸೀರಿಯಲ್ ಕನ್ಸೋಲ್ ಆಫ್ ಮಾಡಿ, ಕಾನ್ಫಿಗ್ ಫೈಲಿನಲ್ಲಿ ಪಿಪಿಎಸ್-ಜಿಪಿಐಒ ಓವರ್‌ಲೇ (ಆ ಪಿನ್ನಿನ ಬಡಿತ ಗಮನಿಸು ಎಂದು ಪೈಗೆ ಹೇಳುವ ಸಾಲು) ಸೇರಿಸಿ ರೀಬೂಟ್ ಮಾಡಿ. ಪಿಪಿಎಸ್‌ಟೆಸ್ಟ್ ಎಂಬ ಕಮಾಂಡ್ ಓಡಿಸಿದಾಗ ಸೆಕೆಂಡಿಗೊಂದು ಸಾಲು ಬಿದ್ದರೆ ವೈರಿಂಗ್ ಸರಿಯಿದೆ ಎಂದರ್ಥ.

ಎಲ್ಲರೂ ಎಡವುವುದು ಇನ್ನು ಮುಂದೆ. ಸೀರಿಯಲ್‌ನಲ್ಲಿ ಬರುವ ಎನ್‌ಎಂಇಎ (ಜಿಪಿಎಸ್ ಮಾಡ್ಯೂಲ್ ಕಳಿಸುವ ಸಂದೇಶ) ಅಕ್ಷರಗಳು ಇದು ಯಾವ ಸೆಕೆಂಡ್ ಎಂದಷ್ಟೇ ಹೇಳುತ್ತವೆ, ಅದೂ ನೂರಾರು ಮಿಲಿಸೆಕೆಂಡ್ ತಡವಾಗಿ, ಒಮ್ಮೊಮ್ಮೆ ಒಂದೊಂದು ಥರ. ಸೆಕೆಂಡ್ ಸರಿಯಾಗಿ ಯಾವಾಗ ಶುರುವಾಯಿತು ಎನ್ನುವುದು ಪಿಪಿಎಸ್ ಬಡಿತಕ್ಕೆ ಮಾತ್ರ ಗೊತ್ತು. ಹಾಗಾಗಿ ಪೈನ ಗಡಿಯಾರ ಸರಿಪಡಿಸುವ ಕ್ರೋನಿ ಎಂಬ ಪ್ರೋಗ್ರಾಮಿನಲ್ಲಿ ಎರಡನ್ನೂ ರೆಫ್‌ಕ್ಲಾಕ್ (ಹೋಲಿಸಿ ನೋಡುವ ಗಡಿಯಾರ) ಆಗಿ ಬರೆಯಿರಿ, ಪಿಪಿಎಸ್ಸನ್ನು ಎನ್‌ಎಂಇಎಗೆ ಲಾಕ್ ಮಾಡಿ, ಎನ್‌ಎಂಇಎಗೆ ನೋಸೆಲೆಕ್ಟ್ (ಇದನ್ನೇ ನಂಬಿ ಟೈಮ್ ಹೊಂದಿಸಬೇಡ ಎಂಬ ಸೂಚನೆ) ಹಾಕಿ. ಕ್ರೋನಿಯ ಸೋರ್ಸಸ್ ಪಟ್ಟಿಯಲ್ಲಿ ಪಿಪಿಎಸ್ ಮುಂದೆ ನಕ್ಷತ್ರದ ಗುರುತು ಬಂದರೆ ಗೆದ್ದಿರಿ.

ಮೊದಲ ಸಲ ಕಾಲು ಗಂಟೆ ಸುಮ್ನೆ ಬಿಡಿ. ಜಿಪಿಎಸ್ ಟೈಮ್ ಯುಟಿಸಿಗಿಂತ (ಜಗತ್ತಿನ ಅಧಿಕೃತ ಸಮಯ) 18 ಸೆಕೆಂಡ್ ಮುಂದಿದೆ, ಈ ವ್ಯತ್ಯಾಸವನ್ನು ಉಪಗ್ರಹ 12.5 ನಿಮಿಷಕ್ಕೊಮ್ಮೆ ಮಾತ್ರ ಹೇಳುತ್ತದೆ. ಅಲ್ಲಿಯವರೆಗೆ ಮಾಡ್ಯೂಲ್ ಹಳೆಯ ಲೆಕ್ಕದಲ್ಲೇ ಒಂದೆರಡು ಸೆಕೆಂಡ್ ತಪ್ಪು ತೋರಿಸಬಹುದು.

ಆಮೇಲೆ ಕ್ರೋನಿಯ ಟ್ರ್ಯಾಕಿಂಗ್ ವರದಿ ತೆಗೆದು ಫ್ರೀಕ್ವೆನ್ಸಿ ನೋಡಿ. ಅದು ಪೈ ಒಳಗಿನ ಗಡಿಯಾರ ನಡೆಸುವ ಕ್ರಿಸ್ಟಲ್‌ನ ತಪ್ಪು, ಒಂದು ಪಿಪಿಎಂ (ಹತ್ತು ಲಕ್ಷದಲ್ಲೊಂದು ಪಾಲು) ಅಂದರೆ ದಿನಕ್ಕೆ 86 ಮಿಲಿಸೆಕೆಂಡ್. ಬೆಳಗಿನ ಚಳಿಗೆ ಒಂದು ಅಂಕಿ, ಮಧ್ಯಾಹ್ನದ ಬಿಸಿಲಿಗೆ ಇನ್ನೊಂದು. ತುಂಬಾ ಕುಣಿದರೆ ಪೈಯನ್ನು ಕಿಟಕಿಯಿಂದ ದೂರ, ಮುಚ್ಚಿದ ಡಬ್ಬಿಯಲ್ಲಿಡಿ, ಬೇಕಾಬಿಟ್ಟಿ ತಿರುಗುವ ಫ್ಯಾನ್ ಬೇಡ. ನಾನು ಹಳೇ ಬಿಸ್ಕತ್ ಡಬ್ಬಿಯಲ್ಲಿಟ್ಟಿದ್ದೇನೆ.