ವರ್ಗಾವಣೆ ಅರ್ಜಿಗೆ ಶಿಫಾರಸು ಪತ್ರ ಯಾರಿಂದ ಪಡೆಯಬೇಕು?

ಕಲಬುರಗಿಯ ಕಾಲೇಜುಗಳಲ್ಲಿ ಪದವಿಯ ಆರಂಭದ ವರ್ಷಗಳಲ್ಲಿದ್ದು ಅಮೆರಿಕದ ಕಾಲೇಜಿಗೆ ವರ್ಗಾವಣೆ ಬಯಸುವ ವಿದ್ಯಾರ್ಥಿಗಳು, ಶಿಫಾರಸು ಪತ್ರಕ್ಕಾಗಿ ಪಿಯುಸಿ ಉಪನ್ಯಾಸಕರಿಗಿಂತ ಮೊದಲು ಈಗ ಪದವಿ ತರಗತಿಯಲ್ಲಿ ಪಾಠ ಹೇಳುತ್ತಿರುವವರನ್ನು ಕೇಳುವುದು ಒಳಿತು. ಪದವಿ ಮಟ್ಟದ ಓದನ್ನು ನೀವು ಹೇಗೆ ನಿಭಾಯಿಸುತ್ತಿದ್ದೀರಿ ಎಂಬುದೇ ಅಲ್ಲಿನವರಿಗೆ ಮುಖ್ಯ. ಹುದ್ದೆಗೆ ತೂಕವಿದೆಯೆಂದು ನಮ್ಮ ಕಡೆ ಹಲವರು ನೇರವಾಗಿ ಪ್ರಾಂಶುಪಾಲರ ಬಳಿಗೇ ಹೋಗುತ್ತಾರೆ, ಆದರೆ ನಿಮ್ಮ ಗುರುತೇ ಇಲ್ಲದವರು ಬರೆದದ್ದು ನಡತೆ ಪ್ರಮಾಣಪತ್ರದಂತೆಯೇ ಇರುತ್ತದೆ. ಅದಕ್ಕಿಂತ, ನೀವು ಮುಂದುವರಿಸಲಿರುವ ವಿಷಯವನ್ನೇ ಕಲಿಸಿ, ಪ್ರಯೋಗಾಲಯದಲ್ಲೋ ಸೆಮಿನಾರಿನಲ್ಲೋ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ಕಿರಿಯ ಉಪನ್ಯಾಸಕರು ಎಷ್ಟೋ ಮೇಲು. ಅತಿಥಿ ಉಪನ್ಯಾಸಕರಾದರೂ ಅಡ್ಡಿಯಿಲ್ಲ. ಸೆಮಿಸ್ಟರ್ ಮುಗಿದ ಬಳಿಕ ಸಿಗುವುದು ಕಷ್ಟವಾದ್ದರಿಂದ ಮೊದಲೇ ಕೇಳಿಕೊಳ್ಳಿರಿ. ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕಬಹುದಾದ ಜಾಲತಾಣ ಕಾಮನ್ ಆ್ಯಪ್ ಮೂಲಕ ಅರ್ಜಿ ಹಾಕುವಾಗ ಪತ್ರ ಬರೆದವರೇ ಅದನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕಾಗುವುದರಿಂದ, ಅವರು ದಿನವೂ ನೋಡುವ ಇಮೇಲ್ ವಿಳಾಸವನ್ನೇ ಕೇಳಿ ನಮೂದಿಸಿರಿ.