ಬೇಕ್ ಮಾಡಿದ ಇಡೀ ಸೇಬು, ಮೇಲೆ ಬೆಚ್ಚಗಿನ ಕ್ಯಾರಮೆಲ್

ನ್ಯೂಯಾರ್ಕ್, ಮಿಷಿಗನ್, ಮ್ಯಾಸಚೂಸೆಟ್ಸ್ ಕಡೆ ಸೆಪ್ಟೆಂಬರ್ ಬಂತೆಂದರೆ ಕುಟುಂಬ ಸಮೇತ ತೋಟಕ್ಕೆ ಹೋಗಿ ಸೇಬು ಕಿತ್ತು ತರುವ ಸಂಭ್ರಮ ಶುರು. ಒಂದು 'ಪೆಕ್' ಚೀಲ ತುಂಬಿಸಿದರೆ ಸುಮಾರು 10 ಪೌಂಡ್, ಅಂದರೆ ನಾಲ್ಕೂವರೆ ಕೆ.ಜಿ. ಹಣ್ಣು ಮನೆಗೆ ಬರುತ್ತದೆ. ಎರಡು ದಿನ ಎಲ್ಲರೂ ಖುಷಿಯಿಂದ ಕಚ್ಚಿ ತಿನ್ನುತ್ತಾರೆ. ಆಮೇಲೆ ಚೀಲ ಅಡುಗೆಮನೆ ಮೂಲೆ ಸೇರುತ್ತದೆ. ಅಷ್ಟರಲ್ಲಿ ನವರಾತ್ರಿ ಗೊಂಬೆ, ಕನ್ನಡ ಕೂಟದ ದೀಪಾವಳಿ, ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಊಟ ಎಲ್ಲವೂ ಸಾಲಾಗಿ ಬರುತ್ತವೆ. ಎಲ್ಲ ಕಡೆಯೂ ಒಂದೇ ಪ್ರಶ್ನೆ: 'ನೀವು ಏನು ತರ್ತೀರಾ?'

ಮೂಲೆಯಲ್ಲಿರುವ ಆ ಸೇಬನ್ನೇ ಬೇಕ್ ಮಾಡಿ ತಗೊಂಡು ಹೋಗಿ. ಪೈ ಮಾಡುವಷ್ಟು ಕೆಲಸವಿಲ್ಲ, ಹಿಟ್ಟು ಲಟ್ಟಿಸಬೇಕಿಲ್ಲ. ಮೊಟ್ಟೆ ತಿನ್ನದವರಿಗೂ ಚಿಂತೆಯಿಲ್ಲ. ಅಂಗಡಿಯ ಪೈಗೆ ಹೊಳಪು ಬರಲೆಂದು ಮೇಲೆ ಮೊಟ್ಟೆ ಸವರಿರಬಹುದು, ಹಿಟ್ಟಿಗೆ ಹಂದಿ ಕೊಬ್ಬು ಬಿದ್ದಿರಬಹುದು. ಇದರಲ್ಲಿ ಅವೆರಡೂ ಇಲ್ಲ. ಮೈದಾ ಕೂಡ ಇಲ್ಲ.

ಈ ತಿನಿಸು ಕೆಡುವುದು ಎರಡೇ ಕಡೆ. ಒಂದು, ಸೇಬಿನ ಜಾತಿ ಆರಿಸುವಾಗ. ಇನ್ನೊಂದು, ಸಕ್ಕರೆಯ ಬಣ್ಣ ನೋಡುವಾಗ. ಉಳಿದದ್ದೆಲ್ಲ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ.

ಯಾವ ಸೇಬು?

ನೋಡಲು ಚೆಂದ ಇರುವ ಕಡುಗೆಂಪು ರೆಡ್ ಡೆಲಿಷಿಯಸ್ ಬೇಡವೇ ಬೇಡ. ಬೆಂದ ಮೇಲೆ ಅದು ಹಿಟ್ಟುಹಿಟ್ಟಾಗುತ್ತದೆ, ರುಚಿಯೂ ಸಪ್ಪೆ. ಮ್ಯಾಕಿಂಟಾಷ್ ರುಚಿಯಾದ ಹಣ್ಣೇ, ಆದರೆ ಬಿಸಿಗೆ ಕುಸಿದು ಗೊಜ್ಜಾಗಿಬಿಡುತ್ತದೆ. ಅದನ್ನು ಆಪಲ್ ಸಾಸ್‌ಗೆ ಎತ್ತಿಡಿ.

ಗ್ರಾನಿ ಸ್ಮಿತ್, ಹನಿಕ್ರಿಸ್ಪ್, ಬ್ರೇಬರ್ನ್, ಪಿಂಕ್ ಲೇಡಿ ಇವೆಲ್ಲ ಆಕಾರ ಬಿಡುವುದಿಲ್ಲ. ರೋಮ್ ಬ್ಯೂಟಿ ಎಂಬ ಜಾತಿ ಸಿಕ್ಕರಂತೂ ಕಣ್ಣುಮುಚ್ಚಿ ತಗೊಳ್ಳಿ. ಒಹಾಯೊ ರಾಜ್ಯದ ಈ ಹಣ್ಣು ಹಸಿಯಾಗಿ ತಿನ್ನಲು ಅಷ್ಟಕ್ಕಷ್ಟೆ, ಆದರೆ ಇಡಿಯಾಗಿ ಬೇಯಿಸುವುದಕ್ಕೇ ಹೆಸರುವಾಸಿ. ನನ್ನ ಆಯ್ಕೆ ಗ್ರಾನಿ ಸ್ಮಿತ್. ಕ್ಯಾರಮೆಲ್‌ನ ಅತಿ ಸಿಹಿಯನ್ನು ಅದರ ಹುಳಿ ತಡೆಯುತ್ತದೆ.

ಸಾಮಾನ್ಯವಾಗಿ ಹುಳಿ ಸೇಬು ಬೇಗ ಮೆತ್ತಗಾಗುವುದಿಲ್ಲ. ಹಣ್ಣಿನ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಹುಳಿ ಇದ್ದಲ್ಲಿ ನಿಧಾನವಾಗಿ ಕರಗುತ್ತದೆ. ಆದರೆ ಇಂಗ್ಲೆಂಡಿನ ಬ್ರಾಮ್ಲಿ ಸೇಬಿಗೆ ಈ ಲೆಕ್ಕ ಹಿಡಿಯುವುದಿಲ್ಲ. ಅದು ಭಾರೀ ಹುಳಿ, ಆದರೂ ಒವನ್‌ನಲ್ಲಿ ಉಬ್ಬಿ ನೊರೆಯಂತೆ ಹಗುರಾಗುತ್ತದೆ. ಅಲ್ಲಿಯವರಿಗೆ ಅದೇ ಇಷ್ಟ. ಅದಕ್ಕೆ ಒಣಹಣ್ಣು ತುಂಬಿ, ಕಸ್ಟರ್ಡ್ ಸುರಿದು ತಿನ್ನುತ್ತಾರೆ. ಜರ್ಮನಿಯಲ್ಲಿ ಇದೇ ತಿನಿಸು ಕ್ರಿಸ್‌ಮಸ್ ಹೊತ್ತಿನ 'ಬ್ರಾಟ್‌ಆಪ್ಫೆಲ್'. ಒಳಗೆ ಬಾದಾಮಿಯ ಮಾರ್ಜಿಪಾನ್, ಮೇಲೆ ವೆನಿಲಾ ಸಾಸ್.

ಕರ್ನಾಟಕದಲ್ಲಿ ಮಾಡುವವರಿಗೆ ಒಂದು ತೊಡಕಿದೆ. ನಮ್ಮಲ್ಲಿ ಆಗಸ್ಟ್‌ನಿಂದ ಬರುವ ಶಿಮ್ಲಾ ಸೇಬಿನಲ್ಲಿ ಬಹುಪಾಲು ಡೆಲಿಷಿಯಸ್ ಕುಲದ್ದು. ಸ್ಯಾಮುಯೆಲ್ ಸ್ಟೋಕ್ಸ್ ಎಂಬ ಅಮೆರಿಕನ್ 1916ರ ಸುಮಾರಿಗೆ ಹಿಮಾಚಲದ ಕೋಟ್‌ಗಢಕ್ಕೆ ತಂದು ನೆಟ್ಟ ಜಾತಿ ಅದು. ಹಾಗೇ ತಿನ್ನಲು ಚೆನ್ನ, ಈ ಕೆಲಸಕ್ಕಲ್ಲ. ಅಂಗಡಿಯಲ್ಲಿ ಹಸಿರು ಸೇಬು ಕೇಳಿ. ಸಿಗದಿದ್ದರೆ ಶಿಮ್ಲಾ ಸೇಬನ್ನೇ ಎರಡು ಹೋಳು ಮಾಡಿ, ನಿಂಬೆರಸ ಜಾಸ್ತಿ ಸವರಿ, ಅರ್ಧದಷ್ಟು ಹೊತ್ತು ಮಾತ್ರ ಬೇಯಿಸಿ.

ಬೇಕಾಗುವ ಸಾಮಾನು (6 ಜನಕ್ಕೆ)

ಸೇಬಿಗೆ: ಮಧ್ಯಮ ಗಾತ್ರದ ಸೇಬು 6, ಬ್ರೌನ್ ಶುಗರ್ ಅಥವಾ ಬೆಲ್ಲದ ಪುಡಿ 75 ಗ್ರಾಂ, ಬೆಣ್ಣೆ 45 ಗ್ರಾಂ, ಚೂರು ಮಾಡಿದ ಅಕ್ರೋಟ್ ಅರ್ಧ ಕಪ್, ಒಣದ್ರಾಕ್ಷಿ ಕಾಲು ಕಪ್, ಚಕ್ಕೆ ಪುಡಿ 1 ಚಮಚ, ಜಾಯಿಕಾಯಿ ಪುಡಿ ಮತ್ತು ಉಪ್ಪು ಚಿಟಿಕೆ, ಅರ್ಧ ನಿಂಬೆಹಣ್ಣು, ತಟ್ಟೆಗೆ ಹಾಕಲು ಮುಕ್ಕಾಲು ಕಪ್ ನೀರು ಅಥವಾ ಆಪಲ್ ಸೈಡರ್. (ಅಮೆರಿಕದ ಸೈಡರ್ ಎಂದರೆ ಸೋಸದ ಸೇಬಿನ ರಸ. ಬ್ರಿಟನ್ನಿನಲ್ಲಿ ಅದೇ ಹೆಸರಿನ ಬಾಟಲಿಯಲ್ಲಿ ಮದ್ಯ ಇರುತ್ತದೆ, ನೋಡಿ ತಗೊಳ್ಳಿ.)

ಕ್ಯಾರಮೆಲ್‌ಗೆ: ಬಿಳಿ ಸಕ್ಕರೆ 200 ಗ್ರಾಂ, ನೀರು ಕಾಲು ಕಪ್, ನಿಂಬೆರಸ ನಾಲ್ಕು ಹನಿ, ಬೆಣ್ಣೆ 60 ಗ್ರಾಂ, ಹೆವಿ ಕ್ರೀಮ್ ಅರ್ಧ ಕಪ್, ಉಪ್ಪು ಅರ್ಧ ಚಮಚ.

ಸೇಬು ಸಿದ್ಧ ಮಾಡುವುದು

ಒವನ್ ಅನ್ನು 375 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 190 ಸೆಲ್ಸಿಯಸ್‌ಗೆ ಇಡಿ. ಸೇಬು ತೊಳೆಯಿರಿ, ಸಿಪ್ಪೆ ತೆಗೆಯಬೇಡಿ. ಅಲುಗಾಡುವ ಹಣ್ಣಿನ ತಳವನ್ನು ತೆಳ್ಳಗೆ ಕೊಯ್ದರೆ ನೆಟ್ಟಗೆ ಕೂರುತ್ತದೆ.

ತೊಟ್ಟಿನ ಕಡೆಯಿಂದ ಚೂರಿ ಹಾಕಿ ಗುಂಡಗೆ ಕೊಯ್ಯಿರಿ. ಚಿಕ್ಕ ಚಮಚದಿಂದ ಬೀಜ, ನಾರಿನ ಭಾಗವನ್ನೆಲ್ಲ ಕೆರೆದು ತೆಗೆಯಿರಿ. ತಳದಲ್ಲಿ ಒಂದು ಸೆಂಟಿಮೀಟರ್ ತಿರುಳು ಉಳಿಯಲೇಬೇಕು. ತೂತಾದರೆ ಬೆಣ್ಣೆ, ಸಕ್ಕರೆ ಎಲ್ಲ ತಟ್ಟೆಗೆ ಸೋರುತ್ತದೆ. ಗುಳಿ ಸ್ವಲ್ಪ ಅಗಲವಾಗಿಯೇ ಇರಲಿ, ಹೂರಣಕ್ಕೆ ಯಾಕೆ ಜಿಪುಣತನ? ಒಳಗೆಲ್ಲ ನಿಂಬೆರಸ ಸವರಿ.

ಈಗ ಬಹಳ ಮಂದಿ ಬಿಡುವ ಕೆಲಸ. ಸೇಬಿನ ನಡುಮಟ್ಟದಲ್ಲಿ ಚೂರಿಯ ತುದಿಯಿಂದ ಸುತ್ತಲೂ ಸಿಪ್ಪೆಗೆ ಮಾತ್ರ ಒಂದು ಗೆರೆ ಎಳೆಯಿರಿ. ಸೇಬಿನ ತಿರುಳಿನಲ್ಲಿ ಸುಮಾರು ಐದನೇ ಒಂದು ಪಾಲು ಗಾಳಿಯೇ. ಅದಕ್ಕೇ ಅದು ನೀರಿನಲ್ಲಿ ತೇಲುವುದು. ಬಿಸಿಗೆ ಆ ಗಾಳಿ, ಆವಿ ಎರಡೂ ಹಿಗ್ಗುತ್ತವೆ. ದಾರಿ ಸಿಗದಿದ್ದರೆ ಸಿಪ್ಪೆ ಎಲ್ಲೆಂದರಲ್ಲಿ ಬಿರಿಯುತ್ತದೆ. ಗೆರೆ ಇದ್ದರೆ ಅಲ್ಲೇ ಅಂದವಾಗಿ ತೆರೆದುಕೊಳ್ಳುತ್ತದೆ.

ತುಂಬಿ ಬೇಯಿಸುವುದು

ಸಕ್ಕರೆ, ಅಕ್ರೋಟ್, ದ್ರಾಕ್ಷಿ, ಚಕ್ಕೆ, ಜಾಯಿಕಾಯಿ, ಉಪ್ಪು ಕಲಸಿ ಗುಳಿಗೆ ಒತ್ತಿ ತುಂಬಿ. ಮೇಲೆ ಬೆಣ್ಣೆ ತುಂಡು ಇಡಿ. ದ್ರಾಕ್ಷಿ ಹೊರಗೆ ಇಣುಕಿದರೆ ಸುಟ್ಟು ಕಹಿಯಾಗುತ್ತದೆ, ಒಳಗೆ ತಳ್ಳಿಬಿಡಿ. ತಟ್ಟೆಗೆ ಸೈಡರ್ ಅಥವಾ ನೀರು ಸುರಿದು, ಫಾಯಿಲ್ ಮುಚ್ಚಿ 20 ನಿಮಿಷ ಬೇಯಿಸಿ. ಫಾಯಿಲ್ ತೆಗೆದು ಇನ್ನೂ 20ರಿಂದ 25 ನಿಮಿಷ. ನಡುವೆ ಒಂದೆರಡು ಸಲ ತಟ್ಟೆಯ ರಸವನ್ನು ಚಮಚದಲ್ಲಿ ಮೇಲೆ ಹಾಕಿ.

ಗಡಿಯಾರ ನಂಬಬೇಡಿ, ಚೂರಿ ನಂಬಿ. ಚುಚ್ಚಿದಾಗ ಸಲೀಸಾಗಿ ಇಳಿಯಬೇಕು, ಆದರೆ ಹಣ್ಣು ನಿಂತಿರಬೇಕು. ಅನುಮಾನ ಬಂದರೆ ಬೇಗನೇ ತೆಗೆಯಿರಿ. ಹೊರಗೆ ಬಂದ ಮೇಲೂ ಒಳಗಿನ ಬಿಸಿಗೆ ಸ್ವಲ್ಪ ಬೇಯುತ್ತದೆ.

ಕ್ಯಾರಮೆಲ್: ಕಣ್ಣು ತೆಗೆಯುವಂತಿಲ್ಲ

ಸೇಬು ಒವನ್‌ನಲ್ಲಿರುವಾಗಲೇ ಇದನ್ನು ಮಾಡಿಕೊಳ್ಳಬಹುದು. ತಳ ದಪ್ಪಗಿರುವ, ಆಳವಾದ ಸ್ಟೀಲ್ ಪಾತ್ರೆ ಬೇಕು. ಕಪ್ಪು ನಾನ್‌ಸ್ಟಿಕ್‌ನಲ್ಲಿ ಬಣ್ಣವೇ ಕಾಣುವುದಿಲ್ಲ. ಬೆಣ್ಣೆ, ಕ್ರೀಮ್, ಉಪ್ಪು ಕೈಗೆಟುಕುವಂತೆ ಇರಲಿ. ಕ್ರೀಮ್ ಉಗುರುಬೆಚ್ಚಗಿರಲಿ. ಮಕ್ಕಳು ಅಡುಗೆಮನೆಯಿಂದ ಆಚೆ. ಈ ಪಾಕ 170 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಮೈಗೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಪಕ್ಕದಲ್ಲಿ ಒಂದು ಬೋಗುಣಿ ತಣ್ಣೀರು ಇಟ್ಟುಕೊಳ್ಳಿ.

ಸಕ್ಕರೆ, ನೀರು, ನಿಂಬೆರಸ ಹಾಕಿ ಮಧ್ಯಮ ಉರಿಯಲ್ಲಿಡಿ. ಸಕ್ಕರೆ ಕರಗುವವರೆಗೆ ಮಾತ್ರ ಕೈಯಾಡಿಸಿ. ಕುದಿ ಬಂದ ಮೇಲೆ ಸೌಟು ಕೆಳಗಿಡಿ. ಕಲಕಿದರೆ, ಪಾತ್ರೆಯ ಬದಿಗೆ ಸಿಡಿದ ಹರಳು ಒಂದು ಒಳಗೆ ಬಿದ್ದರೂ ಸಾಕು, ಇಡೀ ಪಾಕ ಮತ್ತೆ ಸಕ್ಕರೆ ಕಟ್ಟುತ್ತದೆ. ಬದಿಗೆ ಹತ್ತಿದ್ದನ್ನು ಒದ್ದೆ ಬ್ರಷ್‌ನಿಂದ ಇಳಿಸಿ. ನಿಂಬೆರಸ ಹಾಕಿದ್ದೂ ಹರಳು ಕಟ್ಟದಿರಲೆಂದೇ.

ಎಳೆಪಾಕ ನೋಡುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆ ಹಂತ ಬೇಗನೇ ದಾಟಿಹೋಗುತ್ತದೆ. ಇಲ್ಲಿ ನೋಡಬೇಕಾದ್ದು ಬಣ್ಣ. ಏಳೆಂಟು ನಿಮಿಷ ಏನೂ ಆಗದಂತೆ ಕಾಣುತ್ತದೆ. ಆಮೇಲೆ ಅಂಚಿನಲ್ಲಿ ಹಳದಿ, ನಂತರ ಹೊಂಬಣ್ಣ. ಇಲ್ಲೇ ನಿಲ್ಲಿಸಿದರೆ ಬರೀ ಸಿಹಿ ಸಿಗುತ್ತದೆ. ಪಾತ್ರೆಯನ್ನು ಮೆಲ್ಲಗೆ ತಿರುಗಿಸುತ್ತಾ ಹಾಲು ಹಾಕದ ಟೀ ಬಣ್ಣ ಬರುವವರೆಗೆ ಕಾಯಿರಿ. ಸಣ್ಣಗೆ ಹೊಗೆಯ ಎಳೆ ಕಂಡ ಕೂಡಲೇ ಇಳಿಸಿಬಿಡಿ. ಆ ಚೂರು ಕಹಿಯೇ ಕ್ಯಾರಮೆಲ್‌ನ ರುಚಿ. ಇನ್ನು ಅರ್ಧ ನಿಮಿಷ ಬಿಟ್ಟರೆ ಪೂರ್ತಿ ಕಹಿ, ಅದಕ್ಕೆ ಮದ್ದಿಲ್ಲ. ಚೆಲ್ಲಿ ಹೊಸದಾಗಿ ಮಾಡಿ.

ಇಳಿಸಿದ ತಕ್ಷಣ ಬೆಣ್ಣೆ ಹಾಕಿ, ಆಮೇಲೆ ಕ್ರೀಮ್ ಸ್ವಲ್ಪಸ್ವಲ್ಪವಾಗಿ ಸುರಿಯಿರಿ. ಪಾಕ ಭುಸ್ಸನೆ ಉಕ್ಕುತ್ತದೆ. ಪಾತ್ರೆ ಆಳವಿರಲಿ ಎಂದದ್ದು ಇದಕ್ಕೇ. ಒಂದು ಕಡೆ ಗಟ್ಟಿ ಗಂಟಾದರೆ ಗಾಬರಿ ಬೇಡ, ಸಣ್ಣ ಉರಿಯಲ್ಲಿಟ್ಟು ಕಲಕಿದರೆ ಕರಗುತ್ತದೆ. ಕೊನೆಗೆ ಉಪ್ಪು. ಬಿಸಿಯಲ್ಲಿ ನೀರಾಗಿ ಕಂಡರೂ ಆರಿದಂತೆ ಮಂದವಾಗುತ್ತದೆ. ಭಾರತದ ಡಬ್ಬಿ ಕ್ರೀಮ್‌ನಲ್ಲಿ ಕೊಬ್ಬು ಕಡಿಮೆ, ಸಾಸ್ ಸ್ವಲ್ಪ ತೆಳು ಬರುತ್ತದೆ, ಅಷ್ಟೇ.

'ಸಕ್ಕರೆ ಬದಲು ಬೆಲ್ಲ ಹಾಕಬಹುದಾ?' ಸೇಬಿನ ಹೂರಣಕ್ಕೆ ಧಾರಾಳವಾಗಿ ಹಾಕಿ, ಬ್ರೌನ್ ಶುಗರ್‌ಗಿಂತ ಚೆನ್ನಾಗಿರುತ್ತದೆ. ಕ್ಯಾರಮೆಲ್‌ಗೆ ಬೇಡ. ಬೆಲ್ಲ ಮೊದಲೇ ಕಂದು, ಬಣ್ಣ ನೋಡಿ ಹದ ಹೇಳಲಾಗದು. ಬೇಗ ಸೀಯುತ್ತದೆ ಕೂಡ. ಜೊತೆಗೆ, ಬೆಲ್ಲದ ಪಾಯಸ ಕುದಿಯುವಾಗ ಹಾಲು ಹಾಕಿದರೆ ಒಡೆಯುತ್ತದೆ ಅಲ್ವಾ, ಕ್ರೀಮ್‌ಗೂ ಆ ಭಯ ಇದ್ದೇ ಇದೆ.

ಕೂಟಕ್ಕೆ ಒಯ್ಯುವಾಗ

ಹತ್ತು ಜನಕ್ಕಿಂತ ಹೆಚ್ಚಿದ್ದರೆ ಇಡೀ ಹಣ್ಣಿನ ಹಠ ಬಿಡಿ. ಎಲ್ಲರ ತಟ್ಟೆಯಲ್ಲೂ ಆಗಲೇ ಬಿಸಿಬೇಳೆಬಾತ್, ಪಲ್ಯ, ಇನ್ನೂ ಏನೇನೋ ಇರುತ್ತದೆ, ಇಡೀ ಸೇಬು ಯಾರಿಗೂ ಮುಗಿಯುವುದಿಲ್ಲ. ಅರ್ಧ ಹೋಳು ಮಾಡಿ, ಗುಳಿ ತೋಡಿ, ಹೂರಣ ಹಾಕಿ, ಮುಚ್ಚದೆ 25ರಿಂದ 30 ನಿಮಿಷ ಬೇಯಿಸಿ. 9x13 ಇಂಚಿನ ಒಂದು ತಟ್ಟೆಯಲ್ಲಿ 12 ಹೋಳು ಹಿಡಿಯುತ್ತದೆ.

ಕ್ಯಾರಮೆಲ್ ಅನ್ನು ಮನೆಯಲ್ಲೇ ಸುರಿದು ಒಯ್ಯಬೇಡಿ. ಸೇಬಿನ ರಸದಲ್ಲಿ ಕರಗಿ ನೀರಾಗುತ್ತದೆ. ಗಾಜಿನ ಬಾಟಲಿಯಲ್ಲಿ ಬೇರೆ ಇಟ್ಟು, ಬಡಿಸುವ ಮೊದಲು ಬಿಸಿನೀರಿನಲ್ಲಿ ಕೂರಿಸಿ. ಸೇಬನ್ನು 300 ಫ್ಯಾರನ್‌ಹೀಟ್‌ನಲ್ಲಿ 15 ನಿಮಿಷ ಬೆಚ್ಚಗೆ ಮಾಡಿದರೆ ಸಾಕು.

ಮಕ್ಕಳು ಬರುವ ಕೂಟವಾದರೆ ಅಕ್ರೋಟ್ ಇದೆ ಎಂದು ಚೀಟಿ ಬರೆದಿಡಿ. ಅಲರ್ಜಿಯವರು ಇದ್ದಾರೆಂದು ಗೊತ್ತಿದ್ದರೆ ಅಕ್ರೋಟ್ ಪೂರ್ತಿ ಬಿಟ್ಟು ಓಟ್ಸ್ ಹಾಕಿ. ಪಕ್ಕದಲ್ಲಿ ಐಸ್‌ಕ್ರೀಮ್ ಇಡುವವರು ಡಬ್ಬಿ ತಿರುಗಿಸಿ ಓದಿ. ಅಮೆರಿಕದಲ್ಲಿ ಫ್ರೆಂಚ್ ವೆನಿಲಾ ಎಂದರೆ ಅದರಲ್ಲಿ ಮೊಟ್ಟೆಯ ಹಳದಿ ಇರುತ್ತದೆ. ಕೆಲವು ಮಾಮೂಲಿ ವೆನಿಲಾದಲ್ಲೂ ಇರುತ್ತದೆ.

ಉಳಿದ ಸಾಸ್ ಫ್ರಿಜ್‌ನಲ್ಲಿ ಎರಡು ವಾರ ಇರುತ್ತದೆ. ಗಟ್ಟಿಯಾದರೆ ಒಂದು ಚಮಚ ಕ್ರೀಮ್ ಸೇರಿಸಿ ಸಣ್ಣಗೆ ಬಿಸಿ ಮಾಡಿ. ಉಳಿದ ಸೇಬನ್ನು ಕಿವುಚಿ ಮರುದಿನ ಬೆಳಿಗ್ಗೆ ಓಟ್ಸ್ ಗಂಜಿಗೆ ಹಾಕಿ, ಅದಕ್ಕೆ ಬೇರೆ ಸಕ್ಕರೆ ಬೇಕಾಗುವುದಿಲ್ಲ.